ತೊಟ್ಟಿಯ ಕೋಲೂ ಸೆನ್ಸರೂ

ನಮ್ಮ ಸಂಘದ ಸಾಮೂಹಿಕ ಪಲ್ಪಿಂಗ್ ಘಟಕದ ತ್ಯಾಜ್ಯ ನೀರಿನ ತೊಟ್ಟಿಗೂ ಅದಕ್ಕೆ ನೀರು ತರುವ ಕಾಲುವೆಗೂ ಸೆನ್ಸರ್ ಕೂಡಿಸಿ, ಅದರ ಲೆಕ್ಕ ಕಚೇರಿಯ ಕಂಪ್ಯೂಟರಿಗೂ ಸದಸ್ಯರ ಮೊಬೈಲಿಗೂ ತಾನಾಗಿ ಬರುವಂತೆ ಮಾಡಬೇಕೆಂಬ ಸಲಹೆಯೊಂದು ಆಡಳಿತ ಮಂಡಳಿಯ ಮುಂದಿದೆ. ಬರುವ ವಾರ್ಷಿಕ ಮಹಾಸಭೆಯಲ್ಲಿ ಅದು ಚರ್ಚೆಗೆ ಬರಲಿದೆ. ಇದು ಎಂದೋ ಆಗಬೇಕಿತ್ತು ಎನ್ನುವ ಸದಸ್ಯರಿದ್ದಾರೆ. ಕಾಫಿಗೆ ಬೆಲೆ ಬಂದ ವರ್ಷ ಹುಟ್ಟುವ ಇಂಥ ಖಯಾಲಿಗಳು ಬೆಲೆ ಬಿದ್ದ ವರ್ಷ ಮೂಲೆಯಲ್ಲಿ ತುಕ್ಕು ಹಿಡಿಯುತ್ತವೆ ಎನ್ನುವವರೂ ಇದ್ದಾರೆ. ಎರಡು ಮಾತಿನಲ್ಲೂ ಹುರುಳಿಲ್ಲದೆ ಇಲ್ಲ. ಸಭೆಯಲ್ಲಿ ಕಾರ್ಯದರ್ಶಿಯ ಕೆಲಸ ಟಿಪ್ಪಣಿ ಓದುವುದೇ ಹೊರತು ವಾದ ಹೂಡುವುದಲ್ಲ. ಆದ್ದರಿಂದ ನಮ್ಮ ಅಭಿಪ್ರಾಯವನ್ನು ಮೊದಲೇ ಇಲ್ಲಿ ಬರೆದುಬಿಡುತ್ತೇವೆ. ಸೆನ್ಸರ್ ಬೇಕು. ಆದರೆ ಅದು ಬಂದ ದಿನ ತೊಟ್ಟಿಯ ಅಳತೆಗೋಲನ್ನು ಸೌದೆ ಒಲೆಗೆ ಹಾಕುವುದಾದರೆ ಬೇಡ.

ಕಳೆದ ಜನವರಿಯ ಸಂಗತಿ ಬಹುಮಂದಿಗೆ ಗೊತ್ತಿದೆ. ಅದು ಬಾಯಿಂದ ಬಾಯಿಗೆ ಹೋಗುತ್ತ ಬೆಳೆದೂ ಇದೆ. ಆದ್ದರಿಂದ ನಡೆದದ್ದನ್ನು ನಡೆದಂತೆ ಹೇಳುವುದು ನಮ್ಮ ಕರ್ತವ್ಯ. ಸೆನ್ಸರ್ ಮಾರುವವರೊಬ್ಬರು ಹಣ ಪಡೆಯದೆ, ಪ್ರಯೋಗಕ್ಕೆಂದು, ನಮ್ಮ ತೊಟ್ಟಿಯ ಮೇಲೆ ಒಂದು ಮಾಪಕವನ್ನು ಕೂಡಿಸಿ ಹೋಗಿದ್ದರು. ಹದಿನೈದು ದಿನ ಅದು ಚೆನ್ನಾಗಿಯೇ ನಡೆಯಿತು. ತೊಟ್ಟಿ ಎಷ್ಟು ತುಂಬಿದೆ ಎಂಬುದನ್ನು ಮನೆಯಲ್ಲಿ ಊಟಕ್ಕೆ ಕುಳಿತೇ ನೋಡಬಹುದಾಗಿತ್ತು. ನಮಗೂ ಅದು ಹಿಡಿಸಿತು. ಎಷ್ಟು ಹಿಡಿಸಿತೆಂದರೆ, ಗಂಟೆಗೊಮ್ಮೆ ಕೋಲು ಇಳಿಸಿ ನೋಡುತ್ತಿದ್ದ ಹಿರಿಯ ಕೆಲಸಗಾರನಿಗೆ, ‘ಇನ್ನು ನೀನು ರಾತ್ರಿ ಚಳಿಯಲ್ಲಿ ಅಲ್ಲಿಗೆ ಹೋಗುವುದು ಬೇಡ, ಪಲ್ಪರ್ ಹತ್ತಿರವೇ ಇರು’ ಎಂದು ನಾವೇ ಹೇಳಿದೆವು. ಕನಿಕರದ ಮಾತು ಅದು, ಆದರೆ ತಪ್ಪು ಅಲ್ಲಿಂದಲೇ ಶುರುವಾಯಿತು.

ಆ ದಿನ ಹಣ್ಣು ಬಹಳ ಬಂದಿತ್ತು. ಸಂಜೆ ಆರಕ್ಕೆ ಶುರುವಾದ ಪಲ್ಪಿಂಗ್ ನಡುರಾತ್ರಿಯವರೆಗೂ ಸಾಗುವುದಿತ್ತು. ಒಂಬತ್ತು ಗಂಟೆಗೆ ಮೊಬೈಲಿನಲ್ಲಿ ನೋಡಿದಾಗ ತೊಟ್ಟಿ ಶೇಕಡ 62 ತುಂಬಿದೆ ಎಂದಿತ್ತು. ಹತ್ತಕ್ಕೆ ನೋಡಿದಾಗಲೂ 62. ಹನ್ನೊಂದಕ್ಕೆ ನೋಡಿದಾಗಲೂ 62. ಯಂತ್ರ ಓಡುತ್ತಿದೆ, ಕಾಲುವೆಯಲ್ಲಿ ನೀರು ಹೋಗುತ್ತಿದೆ, ತೊಟ್ಟಿ ಮಾತ್ರ ಏರುತ್ತಿಲ್ಲವೇಕೆ ಎಂಬ ಪ್ರಶ್ನೆ ನಮಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಅಂಕಿಯೊಂದು ಕಣ್ಣ ಮುಂದೆ ಇದ್ದರೆ ಮನಸ್ಸು ಎಷ್ಟು ಬೇಗ ಸಮಾಧಾನಗೊಳ್ಳುತ್ತದೆ! ಹನ್ನೆರಡರ ಸುಮಾರಿಗೆ ಆ ಕೆಲಸಗಾರನೇ ಫೋನ್ ಮಾಡಿ, ‘ಅಯ್ಯಾ, ಹಳ್ಳದ ಕಡೆಯಿಂದ ಹುಳಿ ವಾಸನೆ ಬರ್ತಾ ಇದೆ, ಒಂದ್ಸಲ ಬನ್ನಿ’ ಎಂದ. ಹೋಗಿ ನೋಡಿದರೆ ತೊಟ್ಟಿಯ ಅಂಚಿನ ಮೇಲಿಂದ ನೀರು ಹಾಳೆಯಂತೆ ಇಳಿದು ಹಳ್ಳ ಸೇರುತ್ತಿದೆ. ನಮ್ಮ ಕೈಯಲ್ಲಿನ ಮೊಬೈಲು ಆಗಲೂ 62 ಎನ್ನುತ್ತಿತ್ತು.

ಪಲ್ಪಿಂಗ್ ನೀರಿನ ಗುಣ ನಮ್ಮ ಓದುಗರಿಗೆ ಹೊಸದಲ್ಲ. ಹಣ್ಣಿನ ಸಿಪ್ಪೆ ಮತ್ತು ಅಂಟಿನಲ್ಲಿರುವ ಸಕ್ಕರೆ ನೀರಿಗಿಳಿದು ಹುಳಿಯುತ್ತದೆ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಈ ಆಮ್ಲಜನಕ ಬೇಡಿಕೆಯನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಅಳೆಯುತ್ತಾರೆ. ಪಟ್ಟಣದ ಚರಂಡಿ ನೀರಿನಲ್ಲಿ ಅದು ನೂರರ ಲೆಕ್ಕದಲ್ಲಿದ್ದರೆ ಪಲ್ಪಿಂಗ್ ನೀರಿನಲ್ಲಿ ಸಾವಿರದ ಲೆಕ್ಕದಲ್ಲಿರುತ್ತದೆ. ಮೀನು ಸಾಯುವುದು ವಿಷದಿಂದಲ್ಲ, ಉಸಿರು ಕಟ್ಟಿ. ಜನವರಿಯಲ್ಲಿ ಹಳ್ಳದ ಹರಿವೇ ತೆಳುವಾಗಿರುವುದರಿಂದ ನಮ್ಮ ನೀರನ್ನು ತೆಳುಗೊಳಿಸುವ ಶಕ್ತಿ ಅದಕ್ಕೆ ಇರುವುದೂ ಇಲ್ಲ.

ಬೆಳಿಗ್ಗೆ ಎಂಟಕ್ಕೆ ಕಚೇರಿ ತೆರೆಯುವಷ್ಟರಲ್ಲಿ ಕೆಳಗಿನ ಅಡಿಕೆ ತೋಟದವರು ಏಳೆಂಟು ಮಂದಿ ಜಗಲಿಯ ಮೇಲೆ ಕುಳಿತಿದ್ದರು. ಒಬ್ಬರ ಕೈಯಲ್ಲಿ ಸತ್ತ ಮೀನಿನ ಕೊಟ್ಟೆ. ಅವರೇನು ಹೊರಗಿನವರಲ್ಲ. ಅದೇ ಹಳ್ಳದಿಂದ ತೋಟಕ್ಕೆ ನೀರು ಹಾಯಿಸುವವರು, ಅದೇ ಹಳ್ಳದಲ್ಲಿ ದನಗಳಿಗೆ ನೀರು ಕುಡಿಸುವವರು, ಇದೇ ಸಂಘದ ಷೇರುದಾರರು. ‘ಸೆಕ್ರೆಟರಿಗಳೇ, ಮುಂದಿನ ಸಲ ಮೀನಿಗೂ ಒಂದೊಂದು ಮೊಬೈಲು ಕೊಡಿಸಿ’ ಎಂದರು ಅವರಲ್ಲಿ ಹಿರಿಯರು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಕಾಫಿಯವರದ್ದೂ ಅಡಿಕೆಯವರದ್ದೂ ಒಂದೇ ಸಂಘ ಎಂದು ನಾವು ಪ್ರತಿ ಮಹಾಸಭೆಯಲ್ಲೂ ಹೇಳುತ್ತ ಬಂದಿದ್ದೇವೆ. ಆ ಬೆಳಿಗ್ಗೆ ಅದು ಮೇಲಿನವರ ಸಂಘ, ಕೆಳಗಿನವರ ಸಂಘ ಎಂದು ಎರಡಾಗಿ ಕಂಡಿತು.

ಮಾಪಕ ಮಾಡಿದ್ದೇನು? ಅದು ಶ್ರವಣಾತೀತ ಧ್ವನಿಯ ಮಾಪಕ. ತೊಟ್ಟಿಯ ಮೇಲೆ ಕುಳಿತು ಕೆಳಗೆ ಸದ್ದು ಕಳಿಸುತ್ತದೆ, ನೀರಿಗೆ ತಾಗಿ ಮರಳುವ ಪ್ರತಿಧ್ವನಿಗೆ ಎಷ್ಟು ಹೊತ್ತು ಹಿಡಿಯಿತೆಂದು ನೋಡಿ ದೂರವನ್ನು ಲೆಕ್ಕ ಹಾಕುತ್ತದೆ. ಶುದ್ಧ ನೀರಿಗೆ ಇದು ಒಳ್ಳೆಯ ಉಪಾಯ. ನಮ್ಮ ತೊಟ್ಟಿಯ ಮೇಲೆ ಪಲ್ಪಿಂಗ್ ದಿನಗಳಲ್ಲಿ ಗೇಣುದ್ದದ ನೊರೆ ನಿಲ್ಲುತ್ತದೆ. ನೊರೆ ಸದ್ದನ್ನು ಹತ್ತಿಯಂತೆ ಹೀರಿಕೊಳ್ಳುತ್ತದೆ. ಪ್ರತಿಧ್ವನಿ ಬರಲಿಲ್ಲ. ಬರದಿದ್ದಾಗ ಏನು ಮಾಡಬೇಕೆಂದು ಇಂಥ ಯಂತ್ರಗಳಿಗೆ ಮೊದಲೇ ಹೇಳಿಡಬಹುದು: ‘ಕಾಣುತ್ತಿಲ್ಲ’ ಎಂದು ಕೂಗಿಕೊಳ್ಳಬಹುದು, ಇಲ್ಲವೇ ಕೊನೆಯ ಸಲ ಕಂಡ ಅಂಕಿಯನ್ನೇ ಹಿಡಿದು ನಿಲ್ಲಬಹುದು. ನಮ್ಮದಕ್ಕೆ ಎರಡನೆಯದನ್ನು ಹೇಳಿಟ್ಟಿದ್ದರು. ಯಂತ್ರ ಕೆಟ್ಟಿರಲಿಲ್ಲ, ಹೇಳಿದಂತೆ ಕೇಳುತ್ತಿತ್ತು.

ಇಂಥದೇ ಕಥೆ ಬಹು ದೊಡ್ಡ ಪ್ರಮಾಣದಲ್ಲಿ ಇಂಗ್ಲೆಂಡಿನಲ್ಲಿ ನಡೆದಿದೆ. ಹರ್ಟ್‌ಫರ್ಡ್‌ಶೈರಿನ ಬನ್ಸ್‌ಫೀಲ್ಡ್ ಎಂಬಲ್ಲಿ ತೈಲ ಸಂಗ್ರಹದ ದೊಡ್ಡ ಉಗ್ರಾಣವಿತ್ತು. 2005ರ ಡಿಸೆಂಬರ್ 10ರ ಸಂಜೆ ಅಲ್ಲಿನ 912ನೆಯ ನಂಬರಿನ ಟ್ಯಾಂಕಿಗೆ ಕೊಳವೆ ಮಾರ್ಗದಿಂದ ಪೆಟ್ರೋಲ್ ತುಂಬಲು ಶುರುಮಾಡಿದರು. ಬೆಳಗಿನ ಜಾವ ಮೂರು ಗಂಟೆಯ ಹೊತ್ತಿಗೆ, ಟ್ಯಾಂಕು ಸುಮಾರು ಮೂರನೆಯ ಎರಡು ಭಾಗ ತುಂಬಿದ್ದಾಗ, ಮಟ್ಟದ ಮಾಪಕ ಅಲ್ಲೇ ಸಿಕ್ಕಿಕೊಂಡು ನಿಂತಿತು. ಪರದೆಯ ಮೇಲೆ ನೇರ ಗೆರೆ. ಪೆಟ್ರೋಲ್ ಮಾತ್ರ ಏರುತ್ತಲೇ ಇತ್ತು. ಐದೂವರೆ ದಾಟಿದ ಮೇಲೆ ಟ್ಯಾಂಕಿನ ನೆತ್ತಿಯಿಂದ ಸುರಿಯತೊಡಗಿತು. ಎರಡೂವರೆ ಲಕ್ಷ ಲೀಟರಿಗೂ ಮಿಕ್ಕಿ ಸುರಿದು, ಆವಿಯ ಮೋಡವೆದ್ದು, ಬೆಳಿಗ್ಗೆ ಆರು ಗಂಟೆಗೆ ಸ್ಫೋಟಿಸಿತು. ಭಾನುವಾರವಾದ್ದರಿಂದ ಸುತ್ತಲ ಕಚೇರಿಗಳಲ್ಲಿ ಜನರಿರಲಿಲ್ಲ. ಯಾರೂ ಸಾಯಲಿಲ್ಲ, 43 ಮಂದಿಗೆ ಗಾಯವಾಯಿತು. ಬೆಂಕಿ ಹಲವು ದಿನ ಉರಿಯಿತು.

ತನಿಖೆಯಲ್ಲಿ ಹೊರಬಂದ ಎರಡು ಸಂಗತಿಗಳನ್ನು ನಮ್ಮ ಸದಸ್ಯರು ಗಮನಿಸಬೇಕು. ಆ ಮಾಪಕ ಹಾಗೆ ಸಿಕ್ಕಿಕೊಂಡದ್ದು ಅದೇ ಮೊದಲಲ್ಲ. ಅದಕ್ಕೆ ಹಿಂದಿನ ಕೆಲವೇ ತಿಂಗಳುಗಳಲ್ಲಿ ಹದಿನಾಲ್ಕು ಸಲ ಸಿಕ್ಕಿಕೊಂಡಿತ್ತು. ಪ್ರತಿ ಸಲವೂ ಹೇಗೋ ಸರಿಮಾಡಿ ಮುಂದೆ ಹೋದರು. ಇನ್ನೊಂದು, ಮಾಪಕ ಸೋತರೂ ಟ್ಯಾಂಕು ತುಂಬಿದಾಗ ತಾನೇ ಹರಿವನ್ನು ನಿಲ್ಲಿಸಲೆಂದು ಬೇರೆಯೇ ಒಂದು ಸ್ವಿಚ್ಚು ಅಲ್ಲಿತ್ತು. ಆ ಸ್ವಿಚ್ಚಿನ ಪರೀಕ್ಷಾ ಸನ್ನೆಯನ್ನು ಸರಿಯಾದ ಸ್ಥಾನದಲ್ಲಿ ಹಿಡಿದಿಡಲು ಒಂದು ಬೀಗ ಬೇಕಿತ್ತು. ಬೀಗ ಹಾಕಿರಲಿಲ್ಲ. ಅದು ಬರಿಯ ಭದ್ರತೆಗೆಂದು ಅಲ್ಲಿನವರು ತಿಳಿದಿದ್ದರು. ಕೋಟಿಗಟ್ಟಲೆ ಬೆಲೆಯ ಉಗ್ರಾಣದಲ್ಲಿ ಇಲ್ಲವಾದದ್ದು ನಮ್ಮ ಗೋದಾಮಿನ ಬಾಗಿಲಿಗೆ ಹಾಕುವಂಥ ಒಂದು ಬೀಗ.

ಇಷ್ಟನ್ನು ಓದಿ, ‘ಹಾಗಾದರೆ ಸೆನ್ಸರಿನ ಸಹವಾಸವೇ ಬೇಡ’ ಎಂದು ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ಕೋಲಿನ ಕಾಲದಲ್ಲಿ ತೊಟ್ಟಿ ಉಕ್ಕಿರಲಿಲ್ಲವೆ? ಉಕ್ಕಿದೆ. ಕೋಲು ನಿದ್ದೆ ಮಾಡುವುದಿಲ್ಲ, ಹಿಡಿದವನು ಮಾಡುತ್ತಾನೆ. ಪುಸ್ತಕದಲ್ಲಿ ಮೂರು ಗಂಟೆಯ ಲೆಕ್ಕವನ್ನು ಒಂದೇ ಸಲ ಬರೆಯುತ್ತಾನೆ. ಹಳೆಯ ರಿಜಿಸ್ಟರು ತೆಗೆದು ನೋಡಿದರೆ ಒಂದೇ ಶಾಯಿಯಲ್ಲಿ, ಒಂದೇ ಓರೆಯಲ್ಲಿ ಇಡೀ ರಾತ್ರಿಯ ಅಂಕಿಗಳು ಕಾಣುತ್ತವೆ.

ಜನವರಿಯಲ್ಲಿ ನಮ್ಮಲ್ಲಿ ಕೊರತೆಯಾದದ್ದು ಮತ್ತೊಂದು ಮಾಪಕ. ಕಾಲುವೆಯ ಹರಿವನ್ನೂ ಅಳೆಯುತ್ತಿದ್ದರೆ, ಗಂಟೆಗೆ ಇಷ್ಟು ಸಾವಿರ ಲೀಟರ್ ಒಳಗೆ ಹೋಗುತ್ತಿದೆ ಎಂದು ಒಂದು, ಮಟ್ಟ ಏರಿಲ್ಲ ಎಂದು ಇನ್ನೊಂದು ಹೇಳುತ್ತಿತ್ತು. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಈ ವಿರೋಧವನ್ನು ಕಂಡು ಗಂಟೆ ಬಾರಿಸುವುದೇ ಜಾಲಕ್ಕೆ ಸೇರಿದ ಮಾಪಕಗಳ ನಿಜವಾದ ಉಪಯೋಗ ಎಂದು ನಮ್ಮ ಎಣಿಕೆ. ಊಟದ ಎಲೆಯ ಮುಂದೆ ಕುಳಿತು ಅಂಕಿ ನೋಡುವುದು ಬರಿಯ ಚಪಲ.

ಲೆಕ್ಕ ಸುಲಭವಾಗಿಯೇ ಇದೆ. ನಮ್ಮ ತೊಟ್ಟಿ 10 ಮೀಟರ್ ಉದ್ದ, 5 ಮೀಟರ್ ಅಗಲ, 2 ಮೀಟರ್ ಆಳ; ಒಟ್ಟು ಒಂದು ಲಕ್ಷ ಲೀಟರ್. ಮಟ್ಟ ಒಂದು ಸೆಂಟಿಮೀಟರ್ ಏರಿದರೆ 500 ಲೀಟರ್ ಬಂದಂತೆ. ಕಾಲುವೆಯಲ್ಲಿ ತೊಂಬತ್ತು ಡಿಗ್ರಿಯ ‘ವಿ’ ಆಕಾರದ ಕಚ್ಚು ಇರುವ ಒಂದು ತಗಡಿನ ಅಡ್ಡಗಟ್ಟೆ ನಿಲ್ಲಿಸಿದರೆ, ಕಚ್ಚಿನ ಮೇಲೆ ನೀರು ಎಷ್ಟು ಎತ್ತರ ಹರಿಯುತ್ತಿದೆ ಎಂಬುದರಿಂದಲೇ ಹರಿವು ತಿಳಿಯುತ್ತದೆ. 10 ಸೆಂಟಿಮೀಟರ್ ಎತ್ತರವಿದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್, ಗಂಟೆಗೆ ಹತ್ತಿರ ಹತ್ತಿರ 16,000 ಲೀಟರ್. ಆ ರಾತ್ರಿ ಒಂಬತ್ತಕ್ಕೆ ಖಾಲಿ ಇದ್ದದ್ದು 38,000 ಲೀಟರಿನ ಜಾಗ. ಅಂಥ ಹರಿವಿಗೆ ಎರಡೂವರೆ ಗಂಟೆಯೊಳಗೆ ತುಂಬಬೇಕು. ಹನ್ನೊಂದೂವರೆಗೆ ಉಕ್ಕಿರಬೇಕೆಂದು ಏಳನೆಯ ತರಗತಿಯ ಹುಡುಗನೂ ಹೇಳುತ್ತಿದ್ದ. ಒಂದು ಎಚ್ಚರಿಕೆ: ಈ ಕಚ್ಚಿನಲ್ಲಿ ಒಂದು ಸೆಂಟಿಮೀಟರ್ ತಪ್ಪು ಓದಿದರೆ, 10ರ ಬದಲು 11 ಎಂದರೆ, ಹರಿವು ಕಾಲುಭಾಗಕ್ಕಿಂತ ಹೆಚ್ಚು ತಪ್ಪುತ್ತದೆ. ಸಿಪ್ಪೆಯ ಚೂರು ಕಚ್ಚಿಗೆ ಸಿಕ್ಕಿಕೊಂಡರೂ ಅಷ್ಟೇ ತಪ್ಪು. ಪೊರಕೆ ಹಿಡಿದು ಕಚ್ಚನ್ನು ಗುಡಿಸುವ ಒಬ್ಬ ಮನುಷ್ಯ ಬೇಕೇ ಬೇಕು. ಚಕ್ರ ತಿರುಗುವ ಮೀಟರುಗಳ ಮಾತನ್ನಂತೂ ಪಲ್ಪಿಂಗ್ ನೀರಿಗೆ ಯಾರೂ ಎತ್ತಬಾರದು. ಒಂದು ದಿನದಲ್ಲಿ ಕಟ್ಟಿಕೊಳ್ಳುತ್ತವೆ.

ತೊಟ್ಟಿಗೆ ಮೇಲಿನಿಂದ ಸದ್ದು ಕಳಿಸುವ ಮಾಪಕದ ಬದಲು, ತಳದಲ್ಲಿ ಕುಳಿತು ನೀರಿನ ಒತ್ತಡವನ್ನು ಅಳೆಯುವ ಮಾಪಕ ನಮಗೆ ಹೊಂದುತ್ತದೆ. ನೊರೆಗೆ ತೂಕವಿಲ್ಲ, ಆದ್ದರಿಂದ ಅದು ಮೋಸಗೊಳಿಸಲಾರದು. ಚಳಿಗಾಲದ ಬೆಳಗಿನ 12 ಡಿಗ್ರಿಗೂ ಮಧ್ಯಾಹ್ನದ 30 ಡಿಗ್ರಿಗೂ ಗಾಳಿಯಲ್ಲಿ ಸದ್ದಿನ ವೇಗವೇ ಶೇಕಡ 3ರಷ್ಟು ಬೇರೆಯಾಗುತ್ತದೆ. ಆ ತಲೆನೋವೂ ತಳದ ಮಾಪಕಕ್ಕಿಲ್ಲ. ಇದರ ತಲೆನೋವು ಬೇರೆ. ಹುಳಿ ನೀರು ಕಬ್ಬಿಣವನ್ನು ತಿನ್ನುತ್ತದೆ, ಆದ್ದರಿಂದ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಪಿಂಗಾಣಿಯ ಮುಖ ಬೇಕು. ತಳದ ರಾಡಿ ಅದರ ಮೇಲೆ ಕೂರುತ್ತದೆ. ಹೊರಗಿನ ಗಾಳಿಯ ಒತ್ತಡ ತಿಳಿಯಲು ಅದರ ಕೇಬಲ್ಲಿನೊಳಗೆ ಒಂದು ಸಣ್ಣ ಗಾಳಿ ನಳಿಕೆ ಇರುತ್ತದೆ. ನಮ್ಮ ಮಳೆಗಾಲದ ತೇವ ಅದರೊಳಗೆ ಹೋದರೆ ಲೆಕ್ಕ ಕೆಡುತ್ತದೆ. ಮಳೆಗಾಲಕ್ಕೆ ಮೊದಲು ಬಿಚ್ಚಿ ಒಣಗಿಸಿಡುವುದೇ ಲೇಸು. ಹೇಗೂ ಆಗ ಪಲ್ಪಿಂಗ್ ಇಲ್ಲ.

ಹಳೆಯ ಇಂಜಿನಿಯರುಗಳ ಒಂದು ಜಾಣತನವನ್ನು ಇಲ್ಲಿ ಹೇಳದೆ ಇರಲಾರೆವು. ಕಾರ್ಖಾನೆಗಳ ಮಾಪಕಗಳು ಅಂಕಿಯನ್ನು ತಂತಿಯಲ್ಲಿ ವಿದ್ಯುತ್ತಾಗಿ ಕಳಿಸುವಾಗ ಖಾಲಿ ತೊಟ್ಟಿಗೆ ಸೊನ್ನೆ ಎಂದು ಕಳಿಸುವುದಿಲ್ಲ, 4 ಮಿಲಿಆಂಪಿಯರ್ ಕಳಿಸುತ್ತವೆ. ತುಂಬಿದ ತೊಟ್ಟಿಗೆ 20. ಅರ್ಧಕ್ಕೆ 12. ಹೀಗಾಗಿ ಸೊನ್ನೆ ಬಂದರೆ ತೊಟ್ಟಿ ಖಾಲಿ ಎಂದಲ್ಲ, ಹಂದಿಯೋ ಇಲಿಯೋ ತಂತಿ ಕಡಿದಿದೆ ಎಂದು ಅರ್ಥ. ‘ಏನೂ ಇಲ್ಲ’ ಎನ್ನುವುದಕ್ಕೂ ‘ನನಗೆ ತಿಳಿಯದು’ ಎನ್ನುವುದಕ್ಕೂ ಭೇದ ಮಾಡಿದ ಬುದ್ಧಿ ಅದು. ನಾವು ಕೊಳ್ಳುವ ಯಾವ ಯಂತ್ರಕ್ಕೂ ಈ ಗುಣ ಇರಬೇಕು. ಕೊನೆಯ ಅಂಕಿಯನ್ನು ಹಿಡಿದು ಕೂರುವ ಯಂತ್ರವನ್ನು ಉಚಿತವಾಗಿ ಕೊಟ್ಟರೂ ಒಳಗೆ ಬಿಡಬಾರದು.

ಇದರ ಜೊತೆಗೆ ತೊಟ್ಟಿಯ ಮೇಲಂಚಿಗೆ ಒಂದು ಗೇಣು ಕೆಳಗೆ ಒಂದು ತೇಲುಗುಂಡಿನ ಸ್ವಿಚ್ಚು ಬೇಕು. ಅದು ಕಂಪ್ಯೂಟರಿಗೂ ಮೊಬೈಲಿಗೂ ಸಂಬಂಧಪಡದೆ, ತನ್ನದೇ ಬ್ಯಾಟರಿಯಲ್ಲಿ, ಪಲ್ಪರ್ ಮನೆಯಲ್ಲಿ ಒಂದು ಗಂಟೆಯನ್ನು ಬಾರಿಸಬೇಕು. ಮೊಬೈಲ್ ಸಿಗ್ನಲ್ಲಿಗೆ ಗುಡ್ಡ ಹತ್ತುವ ಊರು ನಮ್ಮದು. ಕರೆಂಟಿನ ಮಾತು ಹೇಳುವುದೇ ಬೇಡ. ಅಂಕಿಗಳನ್ನು ಸಾಗಿಸಲು ಲೋರಾ ಎಂಬ ರೇಡಿಯೋ ಪದ್ಧತಿ ಇದೆ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ತರಂಗಗಳಿಗೆ ಲೈಸೆನ್ಸ್ ಬೇಡ, ಕಡಿಮೆ ವಿದ್ಯುತ್ತಿನಲ್ಲಿ ದೂರ ಹೋಗುತ್ತದೆ. ಹಳ್ಳದ ತಗ್ಗಿನಿಂದ ಕಚೇರಿಯ ದಿಣ್ಣೆಗೆ, ನಡುವೆ ತೊಯ್ದ ಸಿಲ್ವರ್ ಓಕ್ ಮರಗಳಿರುವಾಗ ಅದು ತಲುಪುತ್ತದೆಯೆ ಎಂಬುದನ್ನು ಹಣ ಕೊಡುವ ಮೊದಲು ಇಲ್ಲಿಯೇ ಪರೀಕ್ಷೆ ಮಾಡಿ ತೋರಿಸಬೇಕು. ಚಿತ್ರಪುಸ್ತಕದ ಮೈಲಿಗಳು ಮೈದಾನದ ಮೈಲಿಗಳು.

ಕೋಲು ಉಳಿಯಬೇಕು ಎಂಬುದನ್ನು ಹಳೆಯ ಕಾಲದವರ ಹಟ ಎಂದು ಕಿರಿಯ ಸದಸ್ಯರು ಭಾವಿಸಬಾರದು. ಪೆಟ್ರೋಲ್ ಬಂಕುಗಳ ನೆಲದಡಿಯ ಟ್ಯಾಂಕುಗಳಿಗೆ ತೈಲ ಕಂಪನಿಗಳು ಸ್ವಯಂಚಾಲಿತ ಮಾಪಕ ಕೂಡಿಸಿವೆ, ಅಂಕಿಗಳು ತಾವಾಗಿ ಮೇಲಕ್ಕೆ ಹೋಗುತ್ತವೆ. ಆದರೂ ಬಂಕಿನವರು ಡಿಪ್ ರಾಡ್ ಇಳಿಸಿ ನೋಡುವುದನ್ನು ನೀವೆಲ್ಲರೂ ಕಂಡಿದ್ದೀರಿ. ಎರಡು ಅಂಕಿ ಹೊಂದಿದರೆ ಸಮಾಧಾನ, ಹೊಂದದಿದ್ದರೆ ಅಂದೇ ವಿಚಾರಣೆ.

ಜಾಲದ ಇನ್ನೊಂದು ಅಪಾಯವನ್ನು ಚಿಕ್ಕದಾಗಿ ಹೇಳುತ್ತೇವೆ. ದೂರದಿಂದ ನೋಡಬಹುದಾದ್ದನ್ನು ದೂರದಿಂದ ತಿರುಗಿಸಲೂಬಹುದಾದರೆ, ತಿರುಗಿಸುವವರು ನಾವೇ ಆಗಿರಬೇಕೆಂದಿಲ್ಲ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಮರೂಚಿ ಎಂಬಲ್ಲಿ 2000ನೆಯ ಇಸವಿಯಲ್ಲಿ, ಕೆಲಸ ಸಿಗದೆ ಸಿಟ್ಟಾದ ಒಬ್ಬ ಹಿಂದಿನ ಗುತ್ತಿಗೆ ಕಂಪನಿಯ ನೌಕರ ರೇಡಿಯೋ ಮೂಲಕ ಚರಂಡಿ ಪಂಪುಗಳನ್ನು ತನ್ನಿಷ್ಟದಂತೆ ನಡೆಸಿ ಸುಮಾರು ಎಂಟು ಲಕ್ಷ ಲೀಟರ್ ಹೊಲಸು ನೀರನ್ನು ಉದ್ಯಾನಗಳಿಗೂ ಹಳ್ಳಗಳಿಗೂ ಹರಿಯಬಿಟ್ಟ. ಅವನಿಗೆ ಎರಡು ವರ್ಷ ಜೈಲಾಯಿತು. ನಮ್ಮ ತೊಟ್ಟಿಯ ತೂಬನ್ನು ಕೈಯಿಂದಲೇ ತಿರುಗಿಸೋಣ. ಮಾಪಕ ನೋಡಲಿ, ಹೇಳಲಿ, ಅಷ್ಟೇ ಸಾಕು. ಗುಪ್ತಪದವನ್ನು ಯಂತ್ರ ಬಂದ ದಿನವೇ ಬದಲಿಸಬೇಕು. ಅದನ್ನು ಕಚೇರಿಯ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯಬಾರದು. ಹೀಗೆ ಬರೆಯಲು ಕಾರಣವಿದೆ, ಹೆಸರು ಹೇಳುವುದಿಲ್ಲ.

ಇನ್ನು ಮುಖ್ಯ ಪ್ರಶ್ನೆ: ಈ ಅಂಕಿಗಳು ಯಾರವು? ದರಪಟ್ಟಿ ಕಳಿಸಿದವರಲ್ಲಿ ಕೆಲವರ ಷರತ್ತಿನಂತೆ ಲೆಕ್ಕವೆಲ್ಲ ಅವರ ಕಂಪ್ಯೂಟರಿನಲ್ಲಿ ಇರುತ್ತದೆ, ವರ್ಷಕ್ಕಿಷ್ಟು ಬಾಡಿಗೆ ಕೊಟ್ಟರೆ ನಮಗೆ ತೋರಿಸುತ್ತಾರೆ. ಬಾಡಿಗೆ ನಿಂತ ದಿನ ನಮ್ಮ ತೊಟ್ಟಿಯ ಐದು ವರ್ಷದ ಚರಿತ್ರೆ ನಮಗೇ ಇಲ್ಲ. ಇದಕ್ಕೆ ಸಹಿ ಹಾಕಬಾರದು. ಲೆಕ್ಕ ಸಂಘದ ಕಚೇರಿಯಲ್ಲೇ ಉಳಿಯಬೇಕು, ಬೇರೆಯವರ ಯಂತ್ರವೂ ಓದಬಲ್ಲ ಸಾಮಾನ್ಯ ರೂಪದಲ್ಲಿ ಇರಬೇಕು.

ಕೆಲವು ಕಾಫಿ ಸದಸ್ಯರ ಅಂಜಿಕೆ ಬೇರೆಯೇ ಇದೆ. ‘ನಮ್ಮ ತಪ್ಪನ್ನು ನಾವೇ ನಿಮಿಷ ನಿಮಿಷಕ್ಕೆ ಬರೆದಿಟ್ಟರೆ ನಾಳೆ ಮಾಲಿನ್ಯ ನಿಯಂತ್ರಣ ಮಂಡಳಿಯವರ ಕೈಗೆ ಸಾಕ್ಷಿ ಕೊಟ್ಟಂತಾಗುವುದಿಲ್ಲವೆ?’ ಎಂದು ಹಿರಿಯ ಬೆಳೆಗಾರರೊಬ್ಬರು ಕೇಳಿದರು. ಪ್ರಾಮಾಣಿಕ ಪ್ರಶ್ನೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರ ಫೆಬ್ರವರಿಯಲ್ಲಿಯೇ ಸಕ್ಕರೆ, ಮದ್ಯಸಾರ, ಕಾಗದ ಮೊದಲಾದ ಹದಿನೇಳು ವರ್ಗದ ಕಾರ್ಖಾನೆಗಳಿಗೆ ತ್ಯಾಜ್ಯವನ್ನು ನಿರಂತರ ಅಳೆದು ಜಾಲದಲ್ಲಿ ಕಳಿಸುವ ಯಂತ್ರ ಹಾಕಿಸಲು ಆದೇಶಿಸಿತು. 2020ರ ಸೆಪ್ಟೆಂಬರಿನ ಅಂತರ್ಜಲ ಮಾರ್ಗಸೂಚಿಯಲ್ಲಿ ಕೈಗಾರಿಕೆಗಳ ಬೋರ್‌ವೆಲ್ಲಿಗೆ ತಾನಾಗಿ ಲೆಕ್ಕ ಕಳಿಸುವ ಡಿಜಿಟಲ್ ಮೀಟರ್ ಕಡ್ಡಾಯವಾಯಿತು. ಕೃಷಿಗೆ ವಿನಾಯಿತಿ ಕೊಟ್ಟರು. ಕಾಫಿ ಆ ಹದಿನೇಳರಲ್ಲಿ ಇರಲಿಲ್ಲ. ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಮಾತ್ರ ತಿಳಿಯುತ್ತದೆ. ಅಷ್ಟಕ್ಕೂ ಸಾಕ್ಷಿ ಈಗಲೂ ಇದ್ದೇ ಇದೆ, ಜಗಲಿಯ ಮೇಲೆ ಕೊಟ್ಟೆಯಲ್ಲಿ ಬಂದಿತ್ತಲ್ಲ! ಅಂಕಿ ಇಲ್ಲದ್ದರಿಂದ ಆದ ಇನ್ನೊಂದು ನಷ್ಟವನ್ನೂ ನೋಡಿ. ಆಮೇಲೆ ಮಾರ್ಚಿಯಲ್ಲಿ ಹಳ್ಳದ ನೀರು ಕಪ್ಪಾದಾಗಲೂ ಎಲ್ಲರೂ ನಮ್ಮ ತೊಟ್ಟಿಯ ಕಡೆಗೇ ಬೆರಳು ಮಾಡಿದರು. ಆಗ ಪಲ್ಪಿಂಗ್ ಮುಗಿದು ತಿಂಗಳಾಗಿತ್ತು. ಅದನ್ನು ತೋರಿಸಲು ನಮ್ಮಲ್ಲಿ ಬಾಯಿಮಾತಿನ ಹೊರತು ಏನೂ ಇರಲಿಲ್ಲ, ನಮ್ಮ ಬಾಯಿಮಾತಿಗೆ ಬೆಲೆಯೂ ಉಳಿದಿರಲಿಲ್ಲ.

ಆದ್ದರಿಂದ ನಾವು ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇವೆ. ತೊಟ್ಟಿಯ ಮಟ್ಟವನ್ನು ಮೇಲಿನ ಕಾಫಿ ಸದಸ್ಯರಷ್ಟೇ ಅಲ್ಲ, ಕೆಳಗಿನ ಅಡಿಕೆ ಸದಸ್ಯರೂ ಅದೇ ಕ್ಷಣ ನೋಡುವಂತಿರಬೇಕು. ಶೇಕಡ 80 ದಾಟಿದರೆ ನಮಗೆ ಬರುವ ಎಚ್ಚರಿಕೆ ಅವರಿಗೂ ಹೋಗಬೇಕು. ಅವರು ತಮ್ಮ ಪಂಪನ್ನು ನಿಲ್ಲಿಸಿಕೊಳ್ಳಬಹುದು, ದನ ಬಿಡದಿರಬಹುದು, ನಮಗೆ ಫೋನ್ ಮಾಡಿ ಬೈಯಲೂಬಹುದು. ಮಂಡಳಿಯಲ್ಲಿ ಇದಕ್ಕೆ ಪೂರ್ತಿ ಒಪ್ಪಿಗೆ ಇಲ್ಲ. ಸೆನ್ಸರ್ ಸಾಕು, ತೋರಿಸುವುದು ಬೇಡ ಎನ್ನುವವರು ಮೂವರಿದ್ದಾರೆ. ಅವರು ತಮ್ಮ ವಾದವನ್ನು ಮುಂದಿನ ಸಂಚಿಕೆಗೆ ಬರೆದುಕೊಟ್ಟರೆ ಒಂದಕ್ಷರ ಕಳೆಯದೆ ಅಚ್ಚು ಹಾಕಿಸುತ್ತೇವೆ.

ಮೂರು ದರಪಟ್ಟಿಗಳೂ ಅವುಗಳ ಷರತ್ತುಗಳೂ ಕಚೇರಿಯಲ್ಲಿವೆ. ಬೆಳಿಗ್ಗೆ ಹತ್ತರಿಂದ ಐದರವರೆಗೆ ಯಾವ ಸದಸ್ಯರೂ ಬಂದು ಓದಬಹುದು. ಮಹಾಸಭೆಯ ದಿನ ಊಟಕ್ಕೆ ಮೊದಲು ಎಲ್ಲರೂ ತೊಟ್ಟಿಯ ಬಳಿಗೆ ಹೋಗಿ ಬರುವುದೆಂದು ಏರ್ಪಾಟಾಗಿದೆ. ಆ ರಾತ್ರಿ ಫೋನ್ ಮಾಡಿದ ಕೆಲಸಗಾರನೇ ಅಲ್ಲಿ ಇರುತ್ತಾನೆ. ಅಳತೆಗೋಲಿಗೆ ಹೊಸದಾಗಿ ಬಣ್ಣ ಬಳಿದು ಸೆಂಟಿಮೀಟರ್ ಗುರುತು ಹಾಕಿಸಿದ್ದೇವೆ.